ದನಿಗೆ ಅಂಟಿಸಿದ ಚೀಟಿ

ಹಾಜರಿ ಪುಸ್ತಕವೊಂದನ್ನು ಬಿಟ್ಟರೆ ನಮ್ಮ ಕಚೇರಿಯಲ್ಲಿ ಬೇರೆಲ್ಲಿಯೂ ಅವರ ಹೆಸರು ಬಳಕೆಯಲ್ಲಿರಲಿಲ್ಲ. ಜವಾನರಿಂದ ಹಿಡಿದು ನಿರ್ದೇಶಕರವರೆಗೆ ಎಲ್ಲರಿಗೂ ಎದುರಿಗೆ ಅಕ್ಕ, ಬೆನ್ನ ಹಿಂದೆ ಚೀಟಿ ಅಕ್ಕ. ಅದು ಅವರಿಗೂ ಗೊತ್ತಿತ್ತು. ಒಮ್ಮೆ ಫೋನಿನಲ್ಲಿ ಯಾರಿಗೋ, "ಹೆಸರು ಹೇಳಿದ್ರೆ ಇಲ್ಲಿ ಯಾರಿಗೂ ಗೊತ್ತಾಗಲ್ಲಪ್ಪ, ಚೀಟಿ ಅಕ್ಕ ಬೇಕು ಅಂತ ಕೇಳಿ," ಎಂದು ಅವರೇ ಹೇಳುತ್ತಿದ್ದುದನ್ನು ಕೇಳಿದ್ದೇನೆ. ಅವರ ಪಕ್ಕದ ಮೇಜಿನಲ್ಲಿ ಹನ್ನೊಂದು ವರ್ಷ ಕೂತವನು ನಾನು.

ನಮ್ಮದು ಸಾಫ್ಟ್‌ವೇರ್ ಕೂಡಿಸಿ ಹಂಚುವ ಸಾರ್ವಜನಿಕ ಸಂಸ್ಥೆ. ಶಾಲೆ, ಆಸ್ಪತ್ರೆ, ಗ್ರಂಥಾಲಯ, ತರಬೇತಿ ಕೇಂದ್ರಗಳಿಗೆ ಬೇಕಾದ ಪ್ಯಾಕೇಜುಗಳನ್ನು ಒಂದೆಡೆ ಸೇರಿಸಿ ಕೇಳಿದವರಿಗೆಲ್ಲ ಕೊಡುತ್ತೇವೆ. ಬರೆದವರು ಪುಕ್ಕಟೆ ಬಿಟ್ಟಿದ್ದಾರೆಂದ ಮಾತ್ರಕ್ಕೆ ಎಲ್ಲವೂ ಒಂದೇ ಬಗೆಯದಲ್ಲ. ಒಬ್ಬರು, ತಗೊಂಡು ಏನು ಬೇಕಾದರೂ ಮಾಡಿಕೊಳ್ಳಿ ಎಂದಿರುತ್ತಾರೆ. ಇನ್ನೊಬ್ಬರು, ನೀವು ಬಳಸಿ, ಪಕ್ಕದ ಮನೆಯವರಿಗೆ ದಾಟಿಸಬೇಡಿ ಎಂದಿರುತ್ತಾರೆ. ಕೊಡಿ, ಆದರೆ ಒಂದಕ್ಷರವನ್ನೂ ತಿದ್ದಬೇಡಿ ಎನ್ನುವವರೂ ಉಂಟು. ಈ ಷರತ್ತುಗಳೆಲ್ಲ ಪ್ಯಾಕೇಜಿನ ಒಳಗೆಲ್ಲೋ ಲೈಸೆನ್ಸು ಎಂಬ ಒಂದು ಫೈಲಿನಲ್ಲಿ ಬರೆದಿರುತ್ತವೆ. ಲೋಕದಲ್ಲಿ ಯಾರೂ ಅದನ್ನು ಓದುವುದಿಲ್ಲ. ಓದುವುದೇ ಅಕ್ಕನ ಕೆಲಸ. ಓದಿ ಪ್ರತಿಯೊಂದಕ್ಕೂ ಕಂಪ್ಯೂಟರಿನಲ್ಲೇ ಒಂದು ಚೀಟಿ ಅಂಟಿಸುತ್ತಿದ್ದರು: 'ಮುಕ್ತ', 'ಹಂಚಬಹುದು, ತಿದ್ದಬಾರದು', 'ಬಳಸಬಹುದು, ಹಂಚಬಾರದು'. ಯಾವುದಕ್ಕೂ ಹೊಂದದಿದ್ದರೆ 'ಬೇಡ'. ಆ ಚೀಟಿಯನ್ನು ನೋಡಿಯೇ ನಮ್ಮ ಕಂಪ್ಯೂಟರು ಯಾವುದು ಹೊರಗೆ ಹೋಗಬೇಕು, ಯಾವುದು ಹೋಗಕೂಡದು ಎಂದು ತೀರ್ಮಾನಿಸುತ್ತಿತ್ತು.

ಅಕ್ಕ ಮೊದಲು ಗ್ರಂಥಾಲಯವೊಂದರಲ್ಲಿ ಪುಸ್ತಕಗಳ ಪಟ್ಟಿ ಮಾಡುತ್ತಿದ್ದವರು. ಅದು ಮುಚ್ಚಿದ ಮೇಲೆ ಇಲ್ಲಿಗೆ ಬಂದರು. ಪರದೆಯ ಮೇಲೆ ಓದಿದ್ದು ತಲೆಗೆ ಹೋಗುವುದಿಲ್ಲವೆಂದು ಪ್ರತಿಯೊಂದು ಲೈಸೆನ್ಸನ್ನೂ ಮುದ್ರಿಸಿಕೊಂಡು, ಸಾಲಿನ ಕೆಳಗೆ ಮರದ ಅಳತೆಪಟ್ಟಿ ಇಟ್ಟು, ತುಟಿ ಆಡಿಸುತ್ತ ಓದುವರು. ಮದುವೆಯಾಗಿರಲಿಲ್ಲ. ಎರಡು ಕೋಣೆಯ ಮನೆಯಲ್ಲಿ ತಂಗಿಯ ಜೊತೆ ಇದ್ದರು. ಮುಂದಿನ ಕೋಣೆಯಲ್ಲಿ ತಂಗಿಯ ಹೊಲಿಗೆ ಯಂತ್ರ. ಒಂದು ಸಲ ನಾನು ಹೋದಾಗ ಆ ತಂಗಿ ಹೇಳಿದ್ದರು: "ಮಾತ್ರೆ ಡಬ್ಬಿ ಮೇಲೆ ಬರೆದಿರೋದನ್ನೂ ಪೂರ್ತಿ ಓದ್ತಾಳೆ ಇವಳು. ಓದಿ ಮುಗಿಸೋ ಹೊತ್ತಿಗೆ ತಲೆನೋವೇ ಬೇಜಾರಾಗಿ ಎದ್ದು ಹೋಗಿರುತ್ತೆ."

ನಾನು ಸೇರಿದ ಆರನೆಯ ವರ್ಷದ ಮಾತು. ನಮ್ಮ ಸಂಗ್ರಹದಲ್ಲಿ ಕಣ್ಣಿಲ್ಲದವರಿಗೆಂದೇ ಇದ್ದ ಒಂದು ಪ್ಯಾಕೇಜು ತುಂಬ ಹೆಸರು ಮಾಡಿತ್ತು. ಪರದೆಯ ಮೇಲೆ ಇರುವುದನ್ನೆಲ್ಲ ಅದು ನಮ್ಮ ಭಾಷೆಯಲ್ಲಿ ಗಟ್ಟಿಯಾಗಿ ಓದಿ ಹೇಳುತ್ತಿತ್ತು. ಆ ತನಕ ಇದ್ದ ಓದುವ ಯಂತ್ರಗಳದು ತಗಡು ಬಡಿದ ಹಾಗಿನ ದನಿ. ಇದರದು ಮನುಷ್ಯರ ದನಿ, ಹೆಂಗಸಿನದು. ಅವಸರವಿಲ್ಲದ, ಒಂದೊಂದು ಒತ್ತಕ್ಷರವನ್ನೂ ತೊಳೆದು ಇಟ್ಟ ಹಾಗೆ ಉಚ್ಚರಿಸುವ ದನಿ. ಯಾರದೆಂದು ನಮಗೆ ಗೊತ್ತಿರಲಿಲ್ಲ, ನಾವು ವಿಚಾರಿಸಿಯೂ ಇರಲಿಲ್ಲ. ಅದಕ್ಕೂ ಎಂಟು ವರ್ಷಗಳ ಹಿಂದೆ ಅಂಧರ ಶಾಲೆಯ ಮೇಷ್ಟರೊಬ್ಬರು ತಂದುಕೊಟ್ಟಿದ್ದರು. ಅಕ್ಕ ಅದಕ್ಕೆ 'ಮುಕ್ತ' ಎಂಬ ಚೀಟಿ ಅಂಟಿಸಿದ್ದರು.

ಪ್ಯಾಕೇಜನ್ನು ಹೊಸ ಯಂತ್ರಗಳಿಗೆ ಹೊಂದಿಸುವ ಕೆಲಸ ನನಗೆ ಬಂತು. ನಿಯಮದಂತೆ ಲೈಸೆನ್ಸನ್ನು ಇನ್ನೊಮ್ಮೆ ನೋಡಲು ಅಕ್ಕನಿಗೆ ಕೊಟ್ಟೆ. ಮಧ್ಯಾಹ್ನ ಊಟ ಮುಗಿಸಿ ಬಂದರೆ ಅಕ್ಕ ಊಟಕ್ಕೆ ಎದ್ದೇ ಇರಲಿಲ್ಲ. ಅಳತೆಪಟ್ಟಿ ಒಂದೇ ಸಾಲಿನ ಕೆಳಗೆ ನಿಂತುಬಿಟ್ಟಿತ್ತು.

"ತಮ್ಮಾ, ಇದನ್ನ ಓದು," ಎಂದರು.

ದನಿಯ ತುಣುಕುಗಳನ್ನು ಇಟ್ಟಿದ್ದ ಒಳಗಿನ ಫೋಲ್ಡರಿನಲ್ಲಿ, ನೂರಾರು ಫೈಲುಗಳ ನಡುವೆ, ನಾಲ್ಕೇ ಸಾಲಿನ ಒಂದು ಟಿಪ್ಪಣಿ. 'ಓದುವ ಪ್ರೋಗ್ರಾಂ ಎಲ್ಲರಿಗೂ ಸೇರಿದ್ದು. ದನಿ ಮಾತ್ರ ನನ್ನ ಹೆಂಡತಿಯದು. ಅವಳ ತಮ್ಮನಿಗೂ ಅವನು ಪಾಠ ಹೇಳುವ ಶಾಲೆಯ ಮಕ್ಕಳಿಗೂ ಬಳಸಲು ಕೊಟ್ಟಿದೆ. ಅವಳನ್ನು ಕೇಳದೆ ಬೇರೆಯವರಿಗೆ ದಾಟಿಸಬಾರದು.' ಕೆಳಗೆ ಒಂದು ವಿಳಾಸ.

"ಹೊರಗಡೆ ಫೋಲ್ಡರಲ್ಲಿ ದೊಡ್ಡ ಲೈಸೆನ್ಸ್ ಇತ್ತು. ಅದನ್ನ ಓದಿ ಚೀಟಿ ಅಂಟಿಸಿಬಿಟ್ಟಿದೀನಿ. ಒಳಗೆ ನೋಡೇ ಇಲ್ಲ," ಎಂದರು ಅಕ್ಕ. ಅಷ್ಟೇ. ನೆಪ ಹೇಳಲಿಲ್ಲ. ಬಹಳ ದಿನಗಳ ಮೇಲೆ ಹಳೆಯ ರಜೆ ಪುಸ್ತಕದಲ್ಲಿ ನಾನೇ ನೋಡಿದೆ. ಆ ಚೀಟಿ ಅಂಟಿಸಿದ ವಾರ ಅವರ ತಾಯಿ ಆಸ್ಪತ್ರೆಯಲ್ಲಿದ್ದರು. ಬೆಳಗ್ಗೆ ಅರ್ಧ ದಿನ ರಜೆ, ಮಧ್ಯಾಹ್ನ ಕೆಲಸ, ಆರು ದಿನ ಹಾಗೆ. ಏಳನೆಯ ದಿನದಿಂದ ಪೂರ್ತಿ ರಜೆ.

ನಿರ್ದೇಶಕರು ಟಿಪ್ಪಣಿಯನ್ನು ಎರಡು ಸಲ ಓದಿ ಕನ್ನಡಕ ತೆಗೆದಿಟ್ಟರು. ಕೆಟ್ಟ ಮನುಷ್ಯರಲ್ಲ ಅವರು.

"ಎಂಟು ವರ್ಷದಿಂದ ಯಾರೂ ಕೇಳಿಲ್ಲ ಅಕ್ಕ. ಇನ್ನೆಂಟು ವರ್ಷ ಬಿಟ್ಟರೂ ಯಾರೂ ಕೇಳಲ್ಲ."

"ನಾನು ಓದಿಬಿಟ್ಟಿದೀನಲ್ಲ ಸರ್."

"ಎಷ್ಟು ಜನ ಅದನ್ನೇ ನಂಬ್ಕೊಂಡಿದಾರೆ ಗೊತ್ತಲ್ವ?"

"ಗೊತ್ತು. ಅವರ್ಯಾರಿಗೂ ಕೊಡೋ ಹಕ್ಕು ನಮಗೆ ಇರಲಿಲ್ಲ."

ಹೊರಗೆ ಬಂದ ಮೇಲೆ ನಾನೂ ಹೇಳಿ ನೋಡಿದೆ. "ಅಕ್ಕ, ಮೊದಲು ಆ ಮನೆಯವರನ್ನ ಹುಡುಕೋಣ. ಒಪ್ಪಿಗೆ ತಗೊಳ್ಳೋಣ. ಚೀಟಿ ಆಮೇಲೆ ಬದಲಾಯಿಸಿದ್ರಾಯ್ತು. ಒಂದೆರಡು ವಾರದಲ್ಲಿ ಏನು ಮುಳುಗಿಹೋಗುತ್ತೆ?"

"ಅವರು ಆಗಲ್ಲ ಅಂದ್ರೆ?"

ನಾನು ಟಿಪ್ಪಣಿಯ ಹಾಳೆಯನ್ನು ಅವರ ಮೇಜಿನ ಮೇಲಿಟ್ಟೆ.

"ಕೇಳೋಕೆ ಹೋಗೋಳು ಕದ್ದ ಮಾಲನ್ನ ಕಂಕುಳಲ್ಲಿ ಇಟ್ಕೊಂಡು ಹೋಗಬಾರದು ತಮ್ಮಾ," ಎಂದು ಅಕ್ಕ ಆ ಸಂಜೆಯೇ ಚೀಟಿ ಬದಲಾಯಿಸಿದರು. 'ಬಳಸಬಹುದು, ಹಂಚಬಾರದು.' ಮರುದಿನದಿಂದ ಹೊಸ ಯಂತ್ರಗಳಿಗೆ ಆ ದನಿ ಹೋಗುವುದು ನಿಂತಿತು. ಇದ್ದವರ ಬಳಿ ಇತ್ತು. ಹೊಸದಾಗಿ ಕೇಳಿದವರಿಗೆ ಹಳೆಯ ತಗಡಿನ ದನಿಯೇ ಗತಿಯಾಯಿತು.

ಮೊದಲ ವಾರ ಹತ್ತು ಫೋನು ಬಂದವು. ಎರಡನೆಯ ವಾರ ಎಣಿಸುವುದನ್ನು ಬಿಟ್ಟೆವು. ಎಲ್ಲ ಫೋನುಗಳನ್ನೂ ತಮಗೇ ಕೊಡಬೇಕೆಂದು ಅಕ್ಕ ಹೇಳಿದ್ದರು. "ನನ್ನ ತಪ್ಪು. ದನಿಯ ಒಡತಿಯನ್ನ ಕೇಳದೆ ಕೊಟ್ಟಿದ್ವಿ. ಈಗ ಹುಡುಕ್ತಾ ಇದೀವಿ," ಎಂದು ಪ್ರತಿಯೊಬ್ಬರಿಗೂ ಅದನ್ನೇ ಹೇಳುವರು. ಕೆಲವರು ಅರ್ಥ ಮಾಡಿಕೊಂಡರು. ಕೆಲವರು ಬಾಯಿಗೆ ಬಂದಂತೆ ಬೈದರು. ಅಕ್ಕ ಫೋನು ಕಿವಿಯಿಂದ ದೂರ ಹಿಡಿಯುತ್ತಿರಲಿಲ್ಲ.

ಮೂರನೆಯ ವಾರದ ಫೋನು ಬೇರೆ ಥರದ್ದು. ಮಾತಾಡಿದವರು ಮೂವತ್ತೈದರ ಆಸುಪಾಸಿನ ಹೆಂಗಸು. ಹುಟ್ಟುಗುರುಡು. ಸರ್ಕಾರಿ ಗುಮಾಸ್ತೆಯ ಹುದ್ದೆಗೆ ಪರೀಕ್ಷೆ ಬರೆಯಲು ಹೋಗಿದ್ದರಂತೆ. ಪರೀಕ್ಷೆ ಕೇಂದ್ರದ ಯಂತ್ರಗಳು ಆ ವಾರವಷ್ಟೇ ಹೊಸದಾಗಿ ಬಂದಿದ್ದವು. ಅವುಗಳಲ್ಲಿ ಇದ್ದದ್ದು ನಮ್ಮಿಂದಲೇ ಹೋದ ಪ್ಯಾಕೇಜುಗಳು, ಆ ದನಿಯಿಲ್ಲದೆ. ನಾಲ್ಕು ವರ್ಷ ಒಂದು ದನಿಯಲ್ಲಿ ಓದಿ ಅಭ್ಯಾಸವಾದವರಿಗೆ ಪ್ರಶ್ನೆಪತ್ರಿಕೆಯ ಅರ್ಧ ತಿಳಿಯಲೇ ಇಲ್ಲ. ಹೊತ್ತು ಮುಗಿದುಹೋಯಿತು. ವಯಸ್ಸಿನ ಮಿತಿಗೆ ಅದೇ ಕೊನೆಯ ಅವಕಾಶ.

ಅಕ್ಕ ಫೋನು ಇಟ್ಟು, ಎದ್ದು, ಮುಖ ತೊಳೆದುಕೊಂಡು ಬಂದು ಪರೀಕ್ಷೆ ಮಂಡಳಿಗೆ ಪತ್ರ ಬರೆದರು. ತಪ್ಪು ಅಭ್ಯರ್ಥಿಯದಲ್ಲ, ನಮ್ಮ ಸಂಸ್ಥೆಯದು, ಅದರಲ್ಲೂ ನನ್ನದು, ದಯವಿಟ್ಟು ಮರುಪರೀಕ್ಷೆ ಕೊಡಿ ಎಂದು. ನಿರ್ದೇಶಕರು ಆ ಪತ್ರಕ್ಕೆ ಸಹಿ ಹಾಕಲಿಲ್ಲ. "ಸಂಸ್ಥೆ ತಪ್ಪು ಮಾಡಿದೆ ಅಂತ ಸಂಸ್ಥೆ ಕಾಗದದಲ್ಲೇ ಬರೆದುಕೊಟ್ರೆ ನಾಳೆ ನನ್ನ ಕುತ್ತಿಗೆಗೆ ಬರುತ್ತೆ," ಎಂದರು. ಅಕ್ಕ ಸ್ವಂತ ಹೆಸರಿನಲ್ಲಿ ಬಿಳಿಯ ಹಾಳೆಯ ಮೇಲೆ ಬರೆದು ಕಳಿಸಿದರು. ಮಂಡಳಿಯಿಂದ ಎರಡು ಸಾಲಿನ ಉತ್ತರ ಬಂತು. ನಿಯಮದಲ್ಲಿ ಅವಕಾಶವಿಲ್ಲ.

ಇತ್ತ ವಿಳಾಸದ ಹುಡುಕಾಟವೂ ನಡೆದಿತ್ತು. ಕಳಿಸಿದ ಪತ್ರ 'ಇಲ್ಲಿ ವಾಸವಿಲ್ಲ' ಎಂಬ ಮುದ್ರೆ ಹೊತ್ತು ಹಿಂದಕ್ಕೆ ಬಂತು. ಅಂಧರ ಶಾಲೆಗೆ ಹೋದೆವು. ಪ್ಯಾಕೇಜು ಕೊಟ್ಟ ಮೇಷ್ಟರು ನಿವೃತ್ತರಾಗಿದ್ದರು. ಅವರನ್ನು ಹುಡುಕಿದರೆ, "ಅಯ್ಯೋ, ಒಳ್ಳೇದು ನಾಲ್ಕು ಜನಕ್ಕೆ ಸಿಗಲಿ ಅಂತ ಕೊಟ್ಟೆನಮ್ಮ. ಒಳಗೆ ಚೀಟಿ ಇತ್ತು ಅಂತ ನನಗೆ ಹೇಗೆ ಕಾಣಬೇಕು?" ಎಂದರು. ಅವರಿಗೂ ದೃಷ್ಟಿಯಿರಲಿಲ್ಲ. ಆದರೆ ಅವರಿಂದಲೇ ಸುಳಿವು ಸಿಕ್ಕಿತು. ಶಾಲೆಯಲ್ಲಿ ಹಿಂದೆ ಭೂಗೋಳ ಕಲಿಸುತ್ತಿದ್ದ ಕಣ್ಣಿಲ್ಲದ ಮೇಷ್ಟರೊಬ್ಬರ ಅಕ್ಕನ ದನಿ ಅದು. ಭೂಗೋಳದ ಮೇಷ್ಟರು ಈಗ ದೂರದ ಊರಿನಲ್ಲಿದ್ದಾರೆ. ಅವರ ಭಾವ, ಟೆಲಿಫೋನ್ ಇಲಾಖೆಯ ನಿವೃತ್ತ ಮೆಕ್ಯಾನಿಕ್, ಇಲ್ಲೇ ನಗರದ ಇನ್ನೊಂದು ತುದಿಯಲ್ಲಿ ಮನೆ ಮಾಡಿದ್ದಾರೆ.

ಒಂದು ಶನಿವಾರ ಮಧ್ಯಾಹ್ನ ಅಕ್ಕ ಮತ್ತು ನಾನು ಆ ಮನೆಯ ಮೂರನೆಯ ಮಹಡಿ ಹತ್ತಿದೆವು. ಕಡಿದಾದ ಮೆಟ್ಟಿಲು. ಅಕ್ಕ ಪ್ರತಿ ತಿರುವಿನಲ್ಲೂ ನಿಂತು ಉಸಿರು ತೆಗೆದುಕೊಂಡರು. ಬಾಗಿಲು ತೆರೆದವರು ಮೆಕ್ಯಾನಿಕ್ಕರೇ. ತೆಳ್ಳಗಿನ ಮನುಷ್ಯ, ತೋಳಿಲ್ಲದ ಸ್ವೆಟರು. ನಡುಮನೆಯ ತುಂಬ ಬಿಚ್ಚಿಟ್ಟ ರೇಡಿಯೋಗಳು. ಕೂರಿಸಿ, ಟೀ ಕೊಟ್ಟು, ಅಕ್ಕ ಎಲ್ಲವನ್ನೂ ಹೇಳುವ ತನಕ ತಾಳ್ಮೆಯಿಂದ ಕೇಳಿದರು.

"ಇಷ್ಟಕ್ಕೆ ಇಷ್ಟು ದೂರ ಬಂದ್ರಾ? ಅದಕ್ಕೇನಂತೆ! ಜನಕ್ಕೆ ಉಪಯೋಗ ಆಗ್ತಿದೆ ಅಂದ್ರೆ ಸಂತೋಷ. ಎಲ್ಲಿ ಸೈನ್ ಮಾಡ್ಲಿ?" ಎಂದು ಜೇಬಿನಿಂದ ಪೆನ್ನು ತೆಗೆದರು.

ಅಕ್ಕ ಕಾಗದವನ್ನು ಮುಂದೆ ಮಾಡಲಿಲ್ಲ. "ದನಿ ನಿಮ್ಮದಲ್ವಲ್ಲ ಸರ್. ಒಪ್ಪಿಗೆ ಅವರ ಬಾಯಿಂದಲೇ ಬರಬೇಕು."

ಮೆಕ್ಯಾನಿಕ್ಕರ ಮುಖದ ನಗು ಹಾಗೇ ನಿಂತಿತು. ಅಷ್ಟರಲ್ಲಿ ಒಳಕೋಣೆಯ ಬಾಗಿಲಲ್ಲಿ ಮನೆಯಾಕೆ ಬಂದು ನಿಂತಿದ್ದರು. ಅರವತ್ತು ದಾಟಿದವರು, ನೆಟ್ಟಗಿನ ನಿಲುವು. ಕತ್ತಿಗೆ ಬಿಳಿಯ ಹತ್ತಿ ಬಟ್ಟೆ ಸುತ್ತಿದ್ದರು. ಅದು ಉಸಿರಿನ ಜೊತೆ ಒಳಗೂ ಹೊರಗೂ ಆಡುತ್ತಿತ್ತು.

"ಗಂಟಲಿನ ಆಪರೇಷನ್ ಆಯ್ತು. ಧ್ವನಿಪೆಟ್ಟಿಗೆ ತೆಗೆದುಬಿಟ್ರು. ಮೂರು ವರ್ಷ ಆಯ್ತು ಅವಳಿಗೆ ಮಾತು ಹೋಗಿ," ಎಂದರು ಮೆಕ್ಯಾನಿಕ್ಕರು ಮೆಲ್ಲಗೆ.

ಅಕ್ಕ ಟೀ ಲೋಟವನ್ನು ಕೆಳಗಿಟ್ಟು ಎದ್ದು ನಿಂತರು. ಮನೆಯಾಕೆಯ ಭುಜಗಳು ಕುಲುಕತೊಡಗಿದವು. ಅಳುತ್ತಿದ್ದಾರೆಂದು ನನಗೆ ಗಾಬರಿಯಾಯಿತು. ನಗುತ್ತಿದ್ದರು. ಸದ್ದಿಲ್ಲದ ನಗು, ಕತ್ತಿನ ಬಟ್ಟೆಯಡಿಯಿಂದ ಗಾಳಿ ಹೊರಡುವ ಸುಯ್ಯೆನ್ನುವ ಸದ್ದು ಮಾತ್ರ. ಗೋಡೆಗೆ ತಗುಲಿಹಾಕಿದ್ದ ಸ್ಲೇಟು ತೆಗೆದುಕೊಂಡು ಬರೆದು ನಮ್ಮತ್ತ ತಿರುಗಿಸಿದರು: 'ಬಾಯಿ ಇದೆ. ದನಿ ಇಲ್ಲ.'

ಆಮೇಲೆ ಕೂತು, ಅಕ್ಕ ಗಂಡನಿಗೆ ಹೇಳಿದ್ದನ್ನೆಲ್ಲ ತಾವೂ ಕೇಳಿಸಿಕೊಂಡರು. ಆಕೆ ಮುದ್ರಣಾಲಯದಲ್ಲಿ ಮೂವತ್ತು ವರ್ಷ ಕರಡು ತಿದ್ದಿದವರು. ಆ ಕಾಲದಲ್ಲಿ ಒಬ್ಬರು ಮೂಲವನ್ನು ಗಟ್ಟಿಯಾಗಿ ಓದುವುದು, ಇನ್ನೊಬ್ಬರು ಅಚ್ಚಾದದ್ದನ್ನು ನೋಡುವುದು. ಓದುವುದು ಆಕೆಯ ಪಾಲು. ಹನ್ನೆರಡು ವರ್ಷದ ಹಿಂದೆ ತಮ್ಮನಿಗೆಂದು ಗಂಡ ದನಿ ಹಿಡಿದಿಟ್ಟಾಗ, ಊರಿನವರೆಲ್ಲ ಕೇಳುವುದು ಬೇಡ ಎಂದು ಆ ಟಿಪ್ಪಣಿ ಬರೆಸಿದ್ದವರು ಆಕೆಯೇ. ಗಂಡ ಅದನ್ನು ಮರೆತಿದ್ದರು. ಆಕೆ ಮರೆತಿರಲಿಲ್ಲ.

'ಎಷ್ಟು ಯಂತ್ರ?' ಎಂದು ಬರೆದರು.

"ನಮಗೆ ಲೆಕ್ಕ ಸಿಕ್ಕಿರೋದು ಆರು ಸಾವಿರದ ಇನ್ನೂರು. ಅವರಿಂದ ಬೇರೆಯವರಿಗೆ ಹೋಗಿರೋದು ಗೊತ್ತಿಲ್ಲ," ಎಂದರು ಅಕ್ಕ.

ಆಕೆ ಆ ಸಂಖ್ಯೆಯನ್ನು ಸ್ಲೇಟಿನ ಮೇಲೆ ಬರೆದು ನೋಡಿದರು. ಗಂಡ ಬಗ್ಗಿ, "ಒಪ್ಕೊಂಡುಬಿಡೇ, ಪಾಪ, ದೂರದಿಂದ ಬಂದಿದಾರೆ," ಎಂದರು. ಆಕೆ ಬರೆದದ್ದು, 'ನನ್ನ ಹತ್ತಿರ ಒಂದೂ ಇಲ್ಲ.' ಬರೆದು, ತಾವೇ ಓದಿಕೊಂಡು, ಅಳಿಸಿ, ಸ್ಲೇಟನ್ನು ಕೆಳಗಿಟ್ಟು ಒಳಗೆ ಹೋದರು.

ಬಾಗಿಲವರೆಗೂ ಬಂದ ಮೆಕ್ಯಾನಿಕ್ಕರು ತಗ್ಗಿದ ದನಿಯಲ್ಲಿ ಹೇಳಿದರು: "ಆಸ್ಪತ್ರೆಯಿಂದ ಬಂದ ದಿನಾನೇ ಆ ಕಂಪ್ಯೂಟರನ್ನ ಮೇಲಿನ ಅಟ್ಟಕ್ಕೆ ಹಾಕಿಬಿಟ್ಟೆ. ಕೇಳಿಸ್ಕೊಂಡ್ರೆ ಅವಳಿಗೆ ಸಂಕಟ ಆಗುತ್ತೆ ಅಂದ್ಕೊಂಡೆ. ನನಗೂ ಕೇಳೋ ಧೈರ್ಯ ಇರಲಿಲ್ಲ. ಅವಳನ್ನ ಒಂದು ಮಾತು ಕೇಳಲಿಲ್ಲ ನೋಡಿ."

ಮೆಟ್ಟಿಲಿಳಿಯುತ್ತ ಅಕ್ಕ ಕೇಳಿದರು: "ಟೈಪ್ ಮಾಡಿದ್ದನ್ನ ಆ ದನಿ ಓದುತ್ತಲ್ವ ತಮ್ಮಾ? ಯಾರು ಟೈಪ್ ಮಾಡಿದ್ರೂ?"

"ಹೂಂ. ಯಾರು ಮಾಡಿದ್ರೂ."

"ಅವರು ಮಾಡಿದ್ರೂ."

ಆ ಮಾತಿನ ಅರ್ಥ ನನಗೆ ಹೊಳೆದದ್ದು ಎರಡು ಮೆಟ್ಟಿಲು ಇಳಿದ ಮೇಲೆ. ಪ್ಯಾಕೇಜನ್ನು ವಾರಗಟ್ಟಲೆ ಕೈಯಲ್ಲಿ ಹಿಡಿದು ಆಡಿದವನು ನಾನು. ಅದು ಕಣ್ಣಿಲ್ಲದವರಿಗೆ ಎಂಬುದೊಂದೇ ತಲೆಯಲ್ಲಿ ಕೂತುಬಿಟ್ಟಿತ್ತು.

ಮುಂದಿನ ಭಾನುವಾರ ಬೆಳಗ್ಗೆ ಲ್ಯಾಪ್‌ಟಾಪು ಹಿಡಿದು ಹೋದೆವು. ಅಕ್ಕ ಮೊದಲೇ ಪತ್ರ ಬರೆದು, 'ಒಪ್ಪಿಗೆಗಾಗಿ ಅಲ್ಲ, ನಿಮ್ಮದನ್ನು ನಿಮಗೆ ಕೊಡಲು ಬರುತ್ತೇವೆ. ಬೇಡವೆಂದರೆ ಬರುವುದಿಲ್ಲ' ಎಂದು ಕೇಳಿದ್ದರು. 'ಬನ್ನಿ' ಎಂಬ ಒಂದೇ ಪದದ ಕಾರ್ಡು ಬಂದಿತ್ತು. ಮೇಜಿನ ಮೇಲೆ ಲ್ಯಾಪ್‌ಟಾಪು ತೆರೆದು ಅಕ್ಕ ಕೀಲಿಮಣೆಯನ್ನು ಮನೆಯಾಕೆಯ ಕಡೆ ಸರಿಸಿದರು. ಟೈಪಿಂಗು ಆಕೆಗೆ ಹೊಸದಲ್ಲ. ಆದರೂ ಬೆರಳುಗಳು ಕೀಲಿಗಳ ಮೇಲೆ ಹಾಗೇ ನಿಂತವು. ಆಮೇಲೆ ಒಂದು ಸಾಲು ಬರೆದು ಗುಂಡಿ ಒತ್ತಿದರು.

"ಈ ಹೆಂಗಸು ಯಾಕೆ ಇಷ್ಟು ಬೇಗ ಬೇಗ ಓದ್ತಾಳೆ," ಎಂದಿತು ಕೋಣೆ ತುಂಬ ಆಕೆಯ ದನಿ.

ನಾನು ವೇಗವನ್ನು ಇಳಿಸಿದೆ. ಆಕೆ ಮತ್ತೆ ಟೈಪು ಮಾಡಿದರು.

"ಕಿಟಕಿ ಮುಚ್ಚಿ. ಚಳಿ."

ಮೆಕ್ಯಾನಿಕ್ಕರು ಥಟ್ಟನೆ ಎದ್ದು ಹೋಗಿ ಕಿಟಕಿ ಮುಚ್ಚಿದರು. ಮುಚ್ಚಿದವರು ನಮ್ಮ ಕಡೆ ತಿರುಗಲಿಲ್ಲ. ಎರಡೂ ಕೈ ಚೌಕಟ್ಟಿನ ಮೇಲಿಟ್ಟು ಹಾಗೇ ನಿಂತರು. ಆಕೆ ಗಂಡನ ಬೆನ್ನನ್ನೇ ನೋಡುತ್ತಿದ್ದರು.

ಪ್ರತಿ ಭಾನುವಾರ ಹನ್ನೊಂದಕ್ಕೆ ಆಕೆಯ ತಮ್ಮನ ಫೋನು ಬರುವುದು ವಾಡಿಕೆ. ಮೂರು ವರ್ಷದಿಂದ ಮಾತಾಡುವವರು ಭಾವ ಒಬ್ಬರೇ. ಕೊನೆಗೆ ಫೋನನ್ನು ಹೆಂಡತಿಯ ಕೈಗೆ ಕೊಡುವರು. ತಮ್ಮ ಕೇಳಿದ್ದಕ್ಕೆ ಆಕೆ ಉಗುರಿನಿಂದ ಫೋನಿನ ಮೇಲೆ ತಟ್ಟುವರು. ಹೌದೆಂದರೆ ಒಂದು ಸಲ, ಇಲ್ಲವೆಂದರೆ ಎರಡು ಸಲ. ಆ ದಿನ ಫೋನು ಬಂದಾಗ ಆಕೆಯೇ ಎತ್ತಿ ಲ್ಯಾಪ್‌ಟಾಪಿನ ಪಕ್ಕದಲ್ಲಿಟ್ಟು ಗುಂಡಿ ಒತ್ತಿದರು. "ಹೇಗಿದೀಯಾ," ಎಂದಿತು ದನಿ.

ಆ ತುದಿಯಿಂದ ನಗು ಕೇಳಿಸಿತು. "ಭಾವಾ, ಇದು ನಾನು ದಿನಾ ಕೇಳೋ ಮೆಷಿನ್ನೇ. ನನಗೇ ಮೆಷಿನ್ ತೋರಿಸ್ತೀರಾ? ಎಲ್ಲಿ, ಅಕ್ಕನ ಕೈಗೆ ಕೊಡಿ ಫೋನು."

ಆಕೆ ನಿಧಾನವಾಗಿ, ಒಂದೊಂದೇ ಅಕ್ಷರ ಹುಡುಕಿದವರಂತೆ ಟೈಪು ಮಾಡಿದರು. ಅದರಲ್ಲಿ ಮನೆಯೊಳಗಷ್ಟೇ ಬಳಕೆಯಲ್ಲಿದ್ದ ಚಿಕ್ಕಂದಿನ ಹೆಸರೊಂದಿತ್ತು.

"ಏಯ್ ಗೂಬೆ. ತಿಂಡಿ ತಿಂದ್ಯಾ?"

ಫೋನಿನಲ್ಲಿ ಏನೂ ಕೇಳಿಸಲಿಲ್ಲ. ತಂತಿ ಕಡಿದುಹೋಯಿತೇನೋ ಎಂದುಕೊಂಡೆ. ಆಮೇಲೆ ಐವತ್ತು ವರ್ಷದ ಆ ಭೂಗೋಳದ ಮೇಷ್ಟರು, "ಅಕ್ಕಾ," ಎಂದರು. ಮತ್ತೆ, "ಅಕ್ಕಾ, ನೀನೇನಾ?"

ನಮ್ಮ ಅಕ್ಕ ನನ್ನ ತೋಳು ಹಿಡಿದು ಎಬ್ಬಿಸಿದರು. ಇಬ್ಬರೂ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆವು. ಒಳಗಿನಿಂದ ಆ ದನಿ, ನಡುನಡುವೆ ಟೈಪು ಮಾಡುವಷ್ಟು ಹೊತ್ತಿನ ಮೌನ, ಮತ್ತೆ ದನಿ. ಒಂದು ಗಂಟೆಯೇ ಆಗಿರಬೇಕು. ಅಕ್ಕ ಸೆರಗಿನ ತುದಿಯನ್ನು ಮಡಿಸುತ್ತ ಬಿಡಿಸುತ್ತ ಕೂತಿದ್ದರು. ಒಂದೇ ಸಲ ಮಾತಾಡಿದರು: "ನಾನು ಆ ಕಾಗದ ಅವತ್ತೇ ಓದಿದ್ರೆ, ಅವರಿಗೆ ಮಾತಿದ್ದಾಗಲೇ ಬಂದು ಕೇಳಬಹುದಾಗಿತ್ತು."

ಒಪ್ಪಿಗೆಯನ್ನು ಅಕ್ಕ ಅಂದೂ ಕೇಳಲಿಲ್ಲ. ಮರುವಾರ ಆಕೆಯೇ ಬರಹೇಳಿದರು. ಅಕ್ಕ ಬರೆದುಕೊಂಡು ಹೋಗಿದ್ದ ಒಪ್ಪಿಗೆ ಪತ್ರವನ್ನು ಓದಿ, ಕೆಂಪು ಶಾಯಿಯ ಪೆನ್ನು ತೆಗೆದು, ಮೂರು ಕಾಗುಣಿತದ ತಪ್ಪು, ಒಂದು ಅನವಶ್ಯಕ ಅಲ್ಪವಿರಾಮ ತಿದ್ದಿ ಹಿಂದಕ್ಕೆ ಕೊಟ್ಟರು. ಸಾಲು ಸಾಲಿಗೂ ಅಳತೆಪಟ್ಟಿ ಇಟ್ಟು ಓದುವ ನಮ್ಮ ಅಕ್ಕನ ಕಿವಿ ಕೆಂಪಗಾದದ್ದನ್ನು ಅಂದೇ ನಾನು ನೋಡಿದ್ದು. ಆಮೇಲೆ ಆಕೆ ತಮ್ಮ ಷರತ್ತುಗಳನ್ನು ಟೈಪು ಮಾಡಿದರು. ದನಿ ಅವನ್ನು ಓದಿತು.

"ಓದಿಸಿಕೊಳ್ಳುವವರಿಗೆಲ್ಲ ಕೊಡಿ. ಮಾತು ಹೋದವರಿಗೂ ಕೊಡಿ. ದನಿಯನ್ನು ತಿರುಚಬೇಡಿ, ಬೇರೆ ದನಿ ಮಾಡಬೇಡಿ. ಅಂಗಡಿ, ಜಾಹೀರಾತು, ಬಸ್‌ಸ್ಟಾಪು, ಅಲ್ಲೆಲ್ಲ ನಾನು ಕೂಗುವುದಿಲ್ಲ."

ಅಕ್ಕ ಬರೆದುಕೊಂಡರು. "ಇನ್ನೊಂದು ಕೇಳಬೇಕು. ತಪ್ಪು ತಿಳಿಯಬೇಡಿ. ನಿಮ್ಮ... ಕಾಲ ಆದ ಮೇಲೆ?"

ಮೆಕ್ಯಾನಿಕ್ಕರು ಕುರ್ಚಿಯಲ್ಲಿ ಸರಿದಾಡಿದರು. ಆಕೆ ಗಂಡನ ಮೊಣಕೈ ಮುಟ್ಟಿ ಕೂರಿಸಿ ಟೈಪು ಮಾಡಿದರು.

"ಸತ್ತ ಮೇಲೆ ಹೇಗೂ ನನ್ನನ್ನು ಕೇಳಲಾಗುವುದಿಲ್ಲ. ಈಗಲೇ ಬರೆದುಕೊಳ್ಳಿ. ಇದೇ ಷರತ್ತು. ಹೊಸದೇನಾದರೂ ಬಂದರೆ ನನ್ನ ತಮ್ಮನನ್ನು ಕೇಳಿ. ಇವರನ್ನು ಕೇಳಬೇಡಿ. ಇವರು ಯಾರು ಕೇಳಿದರೂ ಹೂಂ ಅಂತಾರೆ."

ಎಲ್ಲರಿಗಿಂತ ಜೋರಾಗಿ ನಕ್ಕವರು ಮೆಕ್ಯಾನಿಕ್ಕರೇ.

ಹನ್ನೊಂದು ವಾರಗಳ ಮೇಲೆ ಆ ದನಿ ನಮ್ಮ ಸಂಗ್ರಹಕ್ಕೆ ಮರಳಿತು. 'ಮುಕ್ತ' ಎಂಬ ಚೀಟಿಯೊಂದಿಗೆ ಅಲ್ಲ, 'ಹಂಚಬಹುದು, ತಿದ್ದಬಾರದು' ಎಂಬ ಚೀಟಿಯೊಂದಿಗೆ. ನಮ್ಮ ನಿಯಮದಲ್ಲಿ ಅಂಥದ್ದು ಎಲ್ಲದರ ಜೊತೆ ತಾನಾಗಿ ಹೋಗುವುದಿಲ್ಲ. ಬೇಕಾದವರು ಷರತ್ತು ಓದಿ, ಒಪ್ಪಿ, ಬೇರೆಯಾಗಿ ತೆಗೆದುಕೊಳ್ಳಬೇಕು. ಆ ಷರತ್ತುಗಳನ್ನು ಅದೇ ದನಿ ಓದಿ ಹೇಳುವಂತೆ ನಾನು ಮಾಡಿಕೊಟ್ಟೆ. ಅಷ್ಟು ನನ್ನ ಪಾಲಿನದು.

ಅಕ್ಕನಿಗೆ ಮೆಮೊ ಬಂತು. ಎಂಟು ವರ್ಷದ ಹಿಂದಿನ ಅಜಾಗರೂಕತೆಗೆ ಅವರನ್ನು ಚೀಟಿ ಕೆಲಸದಿಂದ ತೆಗೆದು ಟಪಾಲು ವಿಭಾಗಕ್ಕೆ ಹಾಕಿದರು. ನಾವು ಕೆಲವರು ನಿರ್ದೇಶಕರ ಬಳಿಗೆ ಹೋಗುತ್ತೇವೆಂದಾಗ ಅಕ್ಕ ತಡೆದರು. "ಅದರಲ್ಲಿ ಸುಳ್ಳೇನು ಬರೆದಿದಾರೆ? ಹೋಗಿ ಕೆಲಸ ನೋಡಿ." ಹದಿನಾಲ್ಕು ತಿಂಗಳು ಲಕೋಟೆಗಳಿಗೆ ನಂಬರು ಹಾಕಿದರು. ಅಷ್ಟರಲ್ಲಿ ಚೀಟಿ ಅಂಟಿಸಲು ಬಂದ ಇಬ್ಬರು ಒಬ್ಬರ ಹಿಂದೊಬ್ಬರು ಕೆಲಸ ಬಿಟ್ಟುಹೋದರು. ನಿರ್ದೇಶಕರೇ ಅಕ್ಕನನ್ನು ಹಳೆಯ ಮೇಜಿಗೆ ಕರೆತಂದು ಕೂರಿಸಿದರು.

ಪರೀಕ್ಷೆ ಕೈತಪ್ಪಿದ ಹೆಂಗಸಿನ ಮನೆಗೂ ಅಕ್ಕ ಹೋಗಿದ್ದರು. ನನ್ನನ್ನು ಕರೆದುಕೊಂಡು ಹೋಗಲಿಲ್ಲ. ಏನಾಯಿತೆಂದು ಬಹಳ ದಿನ ಹೇಳಲೂ ಇಲ್ಲ. ಒಂದು ದಿನ ತಾವಾಗಿಯೇ ಹೇಳಿದರು. ಆಕೆ ಅವರನ್ನು ಕೂರಿಸಿ ನೀರು ಕೊಟ್ಟರಂತೆ. ಎಲ್ಲವನ್ನೂ ಕೇಳಿಸಿಕೊಂಡರಂತೆ. ಕೊನೆಗೆ, "ನೀವು ಮಾಡಿದ್ದು ಸರಿಯೇ ಇರಬಹುದು. ಹೋಗಿದ್ದು ನನ್ನ ಕೆಲಸ. ನೀವು ಇನ್ನೊಂದು ಸಲ ಬರಬೇಡಿ," ಎಂದರಂತೆ.

"ನೀವೇನಂದ್ರಿ?"

"ಬರಲ್ಲ ಅಂದೆ. ಮತ್ತೇನು ಅನ್ನೋಕಾಗುತ್ತೆ?"

ಎರಡು ವರ್ಷದ ಮೇಲೆ ಮೆಕ್ಯಾನಿಕ್ಕರ ಹೆಂಡತಿ ತೀರಿಕೊಂಡರು. ರೋಗ ಮರಳಿತ್ತು. ಕಡೆಯ ತಿಂಗಳವರೆಗೂ ಭಾನುವಾರದ ಫೋನು ತಪ್ಪಿರಲಿಲ್ಲವೆಂದು ಮೆಕ್ಯಾನಿಕ್ಕರು ಹೇಳಿದರು. ಅಕ್ಕ ಆಕೆಯ ತಮ್ಮನಿಗೆ ಸಂತಾಪದ ಪತ್ರವೊಂದನ್ನು ಕಂಪ್ಯೂಟರಿನಲ್ಲೇ ಬರೆದು ಕಳಿಸಿದರು. ಎರಡು ದಿನ ಬಿಟ್ಟು ಅವರ ಫೋನು ಬಂತು.

"ನಿಮ್ಮ ಪತ್ರ ಓದಿಸಿಕೊಂಡೆ," ಎಂದರು ಅವರು.

ಅಕ್ಕನಿಗೆ ಆಗಷ್ಟೇ ಹೊಳೆಯಿತು. ತಾವು ಬರೆದ ಸಾವಿನ ಮಾತುಗಳನ್ನು ಆ ಮನುಷ್ಯನಿಗೆ ಯಾರ ದನಿ ಓದಿ ಹೇಳಿತು ಎಂಬುದು. "ಅಯ್ಯೋ, ನಾನು ಯೋಚನೆ ಮಾಡಲಿಲ್ಲ, ಫೋನ್ ಮಾಡಬೇಕಾಗಿತ್ತು, ಕ್ಷಮಿಸಿ," ಎಂದು ತಡವರಿಸಿದರು.

"ಇಲ್ಲ ಇಲ್ಲ," ಎಂದರು ಆ ಮೇಷ್ಟರು. "ಬೇರೆ ಯಾರ ದನೀಲಿ ಕೇಳಿದ್ರೂ ನಾನು ನಂಬ್ತಿರಲಿಲ್ಲ."

ಲಿಫ್ಟು ತಯಾರಿಸುವ ಕಂಪನಿಯೊಂದು ಆ ದನಿ ಬೇಕೆಂದು ಆಮೇಲೆ ಕೇಳಿತು. ಅಕ್ಕ ಷರತ್ತಿನಂತೆ ಆಕೆಯ ತಮ್ಮನಿಗೇ ಬರೆದು ಕೇಳಿದರು. 'ನನ್ನ ಅಕ್ಕ ಯಾರನ್ನೂ ಮೇಲೆ ಕೆಳಗೆ ಕರೆದುಕೊಂಡು ಹೋಗುವುದಿಲ್ಲ' ಎಂದು ಉತ್ತರ ಬಂತು.

ಅಕ್ಕ ನಿವೃತ್ತರಾಗಿ ಈಗ ಮೂರು ವರ್ಷ. ತಂಗಿಯ ಕಣ್ಣು ಮಂಜಾಗಿದೆ, ಸೂಜಿಗೆ ದಾರ ಪೋಣಿಸಿಕೊಡುವುದು ಅಕ್ಕನ ಕೆಲಸ. ಚೀಟಿಯ ಮೇಜು ನನಗೆ ಬಂದಿದೆ. ಯಾವುದಾದರೂ ಲೈಸೆನ್ಸು ತಲೆಬುಡ ತಿಳಿಯದಿದ್ದರೆ ಅವರಿಗೆ ಫೋನು ಮಾಡುತ್ತೇನೆ. ಹೋದ ವಾರವೂ ಮಾಡಿದ್ದೆ.

"ಪೂರ್ತಿ ಓದಿದ್ಯಾ?" ಎಂದರು.

"ಮುಕ್ಕಾಲು ಓದಿದೀನಿ ಅಕ್ಕ."

"ಸರಿ. ಉಳಿದಿದ್ದು ಓದಿ ಆಮೇಲೆ ಮಾಡು," ಎಂದು ಫೋನು ಇಟ್ಟರು.